ದುರ್ಗದ ಕಲ್ಲು, ದಾವಣಗೆರೆಯ ಬೀದಿ: ಕ್ಯಾಮೆರಾ ಹಿಡಿದು ಬರುವವರಿಗೆ

ದಾವಣಗೆರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶದ ಕೆಲಸವೇ ಜಾಸ್ತಿ. ಪ್ರವಾಸಕ್ಕೆ ಬಂದವರೂ ಆಗಾಗ ಪ್ರಿಂಟ್ ಹಾಕಿಸಲು ಬರುತ್ತಾರೆ. ಅವರ ಚಿತ್ರಗಳಲ್ಲಿ ಚಿತ್ರದುರ್ಗದ ಕೋಟೆ ಖಾಲಿ ಇರುತ್ತದೆ. ಜನ ಸರಿಯಲಿ ಅಂತ ಕಾದು ತೆಗೆದದ್ದು. ದಾವಣಗೆರೆಯ ಚಿತ್ರಗಳಲ್ಲಿ ಬರೀ ಮುಖಗಳು. ಹಿಂದೆ ಊರೇ ಕಾಣುವುದಿಲ್ಲ. ನನ್ನ ಪ್ರಕಾರ ಎರಡೂ ಅರ್ಧ ಚಿತ್ರಗಳು. ಕೋಟೆಯ ಚಿತ್ರದಲ್ಲಿ ಜನ ಇರಬೇಕು, ಬೀದಿಯ ಚಿತ್ರದಲ್ಲಿ ಊರು ಇರಬೇಕು. ಅದಕ್ಕೆ ಏನು ಮಾಡಬಹುದು ಅಂತ ಹೇಳುತ್ತೇನೆ.

ಮೊದಲು ಕೋಟೆ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಊರಿನ ಕಡೆಯಿಂದ ಹತ್ತುವಾಗ ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬಂದು ಗೋಡೆಗೆ ಓರೆಯಾಗಿ ಬೀಳುತ್ತದೆ. ಕಲ್ಲಿಗೆ ಕಲ್ಲು ಕೂರಿಸಿದ ಗೆರೆಗಳು, ಬಾಗಿಲ ಬಳಿ ಕೆತ್ತಿದ ಹಾವಿನ ಉಬ್ಬುಚಿತ್ರ ಎಲ್ಲ ಆಗ ಎದ್ದು ಕಾಣುತ್ತವೆ. ಹತ್ತು ಗಂಟೆ ದಾಟಿದರೆ ಅದೇ ಗೋಡೆ ಬಿಳಿಚಿಕೊಳ್ಳುತ್ತದೆ. ಗ್ರಾನೈಟ್ ಬಂಡೆ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಹಾಗಾಗಿ ಮೊಬೈಲ್ ಆದರೆ ಪರದೆಯಲ್ಲಿ ಅತಿ ಬೆಳ್ಳಗೆ ಕಾಣುವ ಬಂಡೆಯ ಮೇಲೆ ಬೆರಳೊತ್ತಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕ್ಯಾಮೆರಾ ಆದರೆ ಎಕ್ಸ್‌ಪೋಶರ್, ಅಂದರೆ ಒಳಗೆ ಬೀಳುವ ಬೆಳಕನ್ನು ಅರ್ಧ ಸ್ಟಾಪ್ (ಅರ್ಧ ಹಂತ) ಇಳಿಸಿ. ನೆರಳು ಕಪ್ಪಾದರೆ ಆಮೇಲೆ ಎಡಿಟ್ ಮಾಡುವಾಗ ಬೆಳಕು ಎತ್ತಬಹುದು. ಸುಟ್ಟುಹೋದ ಬಿಳುಪನ್ನು ಸರಿಮಾಡಲು ಆಗುವುದಿಲ್ಲ.

ಬಾಗಿಲುಗಳನ್ನು ಗಮನಿಸಿ. ಒಂದು ಬಾಗಿಲು ದಾಟಿದ ಮೇಲೆ ಇನ್ನೊಂದು ನೇರಕ್ಕೆ ಸಿಗುವುದಿಲ್ಲ. ದಾರಿ ತಿರುಗುತ್ತದೆ. ಶತ್ರುವಿನ ಆನೆ ಓಡಿ ಬಂದು ಗುದ್ದಲು ಜಾಗ ಸಿಗಬಾರದು ಅಂತ ಹೀಗೆ ಕಟ್ಟಿದ್ದಾರೆ. ಬಾಗಿಲಿನ ಎದುರು ನಿಂತು ತೆಗೆದರೆ ಈ ಉಪಾಯ ಚಿತ್ರದಲ್ಲಿ ಬರುವುದಿಲ್ಲ. ತಿರುವಿನ ಮೂಲೆಯಲ್ಲಿ ನಿಲ್ಲಿ. ಯಾರಾದರೂ ಗೋಡೆ ಬಳಸಿ ಮರೆಯಾಗುವ ಹೊತ್ತಿಗೆ ಕ್ಲಿಕ್ ಮಾಡಿ. ಆ ಮನುಷ್ಯನಿಂದ ಗೋಡೆಯ ಎತ್ತರವೂ ತಿಳಿಯುತ್ತದೆ, ದಾರಿ ತಿರುಗುವುದೂ ತಿಳಿಯುತ್ತದೆ. ಬಂಡೆಗಳ ಮೇಲೆ ಸಾಲಾಗಿ ಸಣ್ಣ ಗುಳಿಗಳು ಕಾಣುತ್ತವೆ. ಕಲ್ಲು ಸೀಳಲು ಬೆಣೆ ಹೊಡೆದ ಗುರುತುಗಳು ಅವು. ಹತ್ತಿರ ಹೋಗಿ ತೆಗೆಯಿರಿ. ಕೋಟೆ ಕಟ್ಟಿದ ಕೂಲಿಯವನ ಕೈಗುರುತು ಅದೊಂದೇ ಉಳಿದಿರುವುದು, ಅಲ್ವಾ?

ಒನಕೆ ಓಬವ್ವನ ಕಿಂಡಿಗೆ ಎಲ್ಲರೂ ಹೋಗುತ್ತಾರೆ. ಹೋಗಲೇಬೇಕು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದ ಜಾಗ ಎಂದು ಪ್ರತಿ ಮಗುವಿಗೂ ಗೊತ್ತು. ಕೋಟೆ ಕೊನೆಗೂ ಹೈದರನ ಕೈ ಸೇರಿದ್ದು 1779ರಲ್ಲಿ, ಮದಕರಿ ನಾಯಕನ ಕಾಲಕ್ಕೆ. ಆದರೆ ಊರಿನವರ ಬಾಯಲ್ಲಿ ಇಂದಿಗೂ ಓಬವ್ವನೇ ಮೊದಲು. ಬರೀ ಬಂಡೆಯ ಸಂದನ್ನು ತೆಗೆದರೆ ನೋಡುವವರಿಗೆ ಏನೂ ಅರ್ಥವಾಗುವುದಿಲ್ಲ. ಶಾಲೆ ಮಕ್ಕಳ ಪ್ರವಾಸ ಬಂದಿದ್ದರೆ ನಿಮ್ಮ ಅದೃಷ್ಟ. ಅವರು ಬಗ್ಗಿ, ತೆವಳಿ, ಮೈ ಹಿಂಡಿಕೊಂಡು ದಾಟುತ್ತಾರೆ. ಮೇಷ್ಟ್ರನ್ನು ಕೇಳಿ ಒಪ್ಪಿಗೆ ಪಡೆಯಿರಿ. ನೀವೂ ಕುಕ್ಕರುಗಾಲಲ್ಲಿ ಕೂತು, ಹೊರಗಿನ ಬೆಳಕಿಗೆ ಕ್ಯಾಮೆರಾ ಹೊಂದಿಸಿ. ಮುಖ ಕಪ್ಪಾಗಿ ಬರಲಿ, ಪರವಾಗಿಲ್ಲ. ಕಿಂಡಿ ಎಷ್ಟು ಕಿರಿದು ಎನ್ನುವುದು ಆ ಬಗ್ಗಿದ ಬೆನ್ನಿನಲ್ಲೇ ಗೊತ್ತಾಗುತ್ತದೆ. ಕೋಟೆಯಲ್ಲಿ ಸಿಡಿಮದ್ದು ಬೀಸುತ್ತಿದ್ದ ಕಲ್ಲುಗಳನ್ನು ಮಾತ್ರ ಮೇಲಿನಿಂದ ತೆಗೆಯಿರಿ. ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಇನ್ನೂ ಒಳ್ಳೆಯದು.

ತುಪ್ಪದ ಕೊಳದ ಬಂಡೆ ಹತ್ತಲು ಕಲ್ಲಲ್ಲಿ ಕೊರೆದ ಕಾಲ್ಗುಳಿಗಳೇ ಆಧಾರ. ಕ್ಯಾಮೆರಾ ಕೊರಳಲ್ಲಿ ತೂಗಾಡಬಾರದು, ಬೆನ್ನಿನ ಚೀಲದಲ್ಲಿರಲಿ. ಮಳೆ ಬಿದ್ದಿದ್ದರೆ ಹತ್ತಲೇಬೇಡಿ. ಕೋತಿಗಳಿವೆ, ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ಓಡಾಡಬೇಡಿ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟ್ರೈಪಾಡ್, ಡ್ರೋನ್ ತರುವುದಿದ್ದರೆ ಮೊದಲೇ ಅನುಮತಿ ಕೇಳಿ.

ಇನ್ನು ನನಗೆ ತುಂಬಾ ಇಷ್ಟವಾದ ದಾರಿ ಹೇಳುತ್ತೇನೆ. ಕೋಟೆಯಲ್ಲಿ ನೀರಿನ ಹಿಂದೆ ನಡೆಯಿರಿ. ಬೆಟ್ಟದ ಮೇಲೆ ಬಿದ್ದ ಮಳೆ ಸುಮ್ನೆ ಹರಿದು ಹೋಗದ ಹಾಗೆ ನಾಯಕರು ಹೊಂಡ ಕಟ್ಟಿಸಿದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಈ ಸಾಲನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಚಿತ್ರವಾಗಿ ತೆಗೆಯುತ್ತಾ ಬನ್ನಿ. ಮೇಲೆ ಬಂಡೆ, ಗುಡಿ, ನಿಂತ ನೀರು. ಕೆಳಗೆ ಬಂದರೆ ಹೊಂಡದ ಸುತ್ತ ಅಂಗಡಿ, ಆಟೋ, ಪೇಟೆಯ ಗದ್ದಲ. ಕೋಟೆ ಎಲ್ಲಿ ಮುಗಿಯಿತು, ಬೀದಿ ಎಲ್ಲಿ ಶುರುವಾಯಿತು ಅಂತ ಹೇಳಲಾಗುವುದಿಲ್ಲ. ಸಂತೆ ಹೊಂಡಕ್ಕೆ ಮಧ್ಯಾಹ್ನ ಹೋಗಬೇಡಿ. ಇಳಿಹೊತ್ತಿನಲ್ಲಿ ಮೆಟ್ಟಿಲುಗಳ ನೆರಳು ಉದ್ದವಾಗುತ್ತದೆ, ಪೇಟೆಗೆ ಜನವೂ ಬರುತ್ತಾರೆ. ಹಾಗೇ ಮುಂದೆ ರಂಗಯ್ಯನ ಬಾಗಿಲಿಗೆ ನಡೆಯಿರಿ. ಹಳೇ ಕೋಟೆಬಾಗಿಲು, ಪಕ್ಕದಲ್ಲೇ ಬೈಕು, ತರಕಾರಿ ಚೀಲ. ಬೈಕು ಸರಿಯಲಿ ಅಂತ ಕಾಯಬೇಡಿ.

ದಾವಣಗೆರೆಗೆ ದುರ್ಗದಿಂದ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಇಲ್ಲಿ ಕೋಟೆಯಿಲ್ಲ, ಇರುವುದು ಕೆಲಸ ಮಾಡುವ ಊರು. ಬೆಳಿಗ್ಗೆ ಕಟ್ಟಿಗೆ ಒಲೆಯ ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ. ಮೊದಲು ತಿನ್ನಿ. ತಿನ್ನುತ್ತಲೇ ಬೆಳಕು ಎಲ್ಲಿಂದ ಬರುತ್ತದೆ ನೋಡಿಕೊಳ್ಳಿ. ಆಮೇಲೆ ಹಂಚಿನ ಮುಂದೆ ನಿಂತವರನ್ನು ಕೇಳಿ: 'ಅಣ್ಣಾ, ಒಂದು ಫೋಟೋ ತೆಗೀಲಾ?' ಹೂಂ ಅಂದರೆ ಪಕ್ಕಕ್ಕೆ ನಿಂತು ತೆಗೆಯಿರಿ, ಮಾಣಿಗಳ ಓಡಾಟಕ್ಕೆ ಅಡ್ಡ ಬರಬೇಡಿ. ಕಿಟಕಿಯ ಬೆಳಕು ಹೊಗೆಯೊಳಗೆ ಹಾದು ಬರುವ ಕಡೆಗೆ ಮುಖ ಮಾಡಿದರೆ ಹೊಗೆ ಚೆನ್ನಾಗಿ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಎಲ್ಲ ಹಾಳು. ಶಟರ್ ವೇಗ ಸೆಕೆಂಡಿನ 1/250ಕ್ಕೆ ಇಡಿ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿದರೆ ಏರಲಿ. ಚಿತ್ರದಲ್ಲಿ ಸ್ವಲ್ಪ ಕಾಳುಕಾಳಾದ ಚುಕ್ಕೆ ಬಂದರೂ ಸರಿ, ಕೈಯ ಚಲನೆ ಕಲಸಿ ಹೋಗಬಾರದು.

ಮಂಡಕ್ಕಿ ಭಟ್ಟಿಗಳಿಗೆ ಹೋಗಲು ಮನಸ್ಸು ಗಟ್ಟಿ ಇರಲಿ. ಕಾದ ಮರಳಿಗೆ ಅಕ್ಕಿ ಬಿದ್ದ ಕ್ಷಣದಲ್ಲೇ ಅರಳುತ್ತದೆ. ಅದನ್ನು ಜರಡಿ ಹಿಡಿದು ಮರಳಿನಿಂದ ಬೇರೆ ಮಾಡುತ್ತಾರೆ. ಒಳಗೆ ಕತ್ತಲು, ಬೆಂಕಿಯ ಕೆಂಪು, ಬೂದಿ. ಚಿತ್ರಕ್ಕೆ ಹೇಳಿ ಮಾಡಿಸಿದ ಜಾಗ ಅಂತ ಅನ್ನಿಸುತ್ತದೆ. ಆದರೆ ಆ ಹೊಗೆಯಲ್ಲಿ ಅವರು ದಿನವಿಡೀ ಉಸಿರಾಡುತ್ತಾರೆ. ಅದನ್ನು ಬರೀ ಅಂದದ ಬೆಳಕಾಗಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ದುಡಿಯುವ ಕೈ, ಬೆವರು, ಕಟ್ಟಿದ ಬಟ್ಟೆ ಎಲ್ಲವೂ ಬರಲಿ. ಯಜಮಾನರನ್ನು ಕೇಳಿದರೆ ಸಾಲದು, ಕೆಲಸದವರನ್ನೂ ಕೇಳಬೇಕು. ಹೆಣ್ಣುಮಕ್ಕಳು ಬೇಡ ಅಂದರೆ ಅಲ್ಲಿಗೆ ಬಿಡಿ, ದೂರದಿಂದ ಜೂಮ್ ಹಾಕಿ ಕದಿಯಬೇಡಿ. ಲೆನ್ಸ್ ಅನ್ನು ಅಲ್ಲಿ ಬದಲಿಸಬೇಡಿ, ಬೂದಿ ಒಳಗೆ ಹೋಗುತ್ತದೆ. ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಗಾಡಿಗಳ ಮುಂದೆ ನಿಂತರೆ ಅದೇ ಮಂಡಕ್ಕಿಯ ಮುಂದಿನ ಚಿತ್ರ ಸಿಗುತ್ತದೆ.

ಒಂದು ದಿನ ಹೆಚ್ಚಿಗೆ ಇದ್ದರೆ ಹರಿಹರ. ಹರಿಹರೇಶ್ವರ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಮಂಟಪದ ಕಂಬಗಳಿಗೆ ಹೊರಗಿನ ಬೆಳಕು ತಾಗುವಾಗ, ಕಕ್ಷಾಸನದ, ಅಂದರೆ ಅಂಚಿನ ಕಲ್ಲುಜಗಲಿಯ ಮೇಲೆ ಕೂತ ಅಜ್ಜಿಯರು ಇರುವಾಗ ತೆಗೆಯಿರಿ. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸುವ ಮುನ್ನ ಅರ್ಚಕರನ್ನು ಕೇಳಿ. ಸಂತೇಬೆನ್ನೂರಿನ ಪುಷ್ಕರಣಿಗೆ ಗಾಳಿ ಏಳುವ ಮೊದಲೇ ಹೋದರೆ ನಡುವಿನ ಮಂಟಪದ ಪ್ರತಿಬಿಂಬ ನೀರಲ್ಲಿ ಪೂರ್ತಿ ಸಿಗುತ್ತದೆ.

ಫೋಟೋಗೆ ನಿಂತವರಿಗೆ ಪ್ರಿಂಟ್ ಕೊಡುವುದನ್ನು ಪ್ರವಾಸದ ಖರ್ಚಿನಲ್ಲೇ ಸೇರಿಸಿಕೊಳ್ಳಿ. ಸಂಜೆ ಯಾವುದಾದರೂ ಸ್ಟುಡಿಯೋದಲ್ಲಿ 4×6 ಹಾಕಿಸಿ, ಮರುದಿನ ಕೈಗೇ ಕೊಡಿ. ಮರುದಿನ ನೀವು ಊರಲ್ಲಿ ಇರುವುದಿಲ್ಲ ಅಂತಾದರೆ ಅವರ ಅಂಗಡಿ, ಬೀದಿಯ ಹೆಸರು ಬರೆದಿಟ್ಟುಕೊಂಡು ಅಂಚೆಗೆ ಹಾಕಿ. ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಅಂದರೂ ನಡೆಯುತ್ತದೆ. ಆದರೆ ಅವರ ನಂಬರನ್ನು ಅವತ್ತೇ ಬರೆದುಕೊಂಡು, ಅವತ್ತೇ ಕಳಿಸಿ.