ಜೀವನಾಂಶದ ಅರ್ಜಿಯನ್ನು ನಾನು ಸಿದ್ಧಪಡಿಸಿದ ಬಗೆ

ನನ್ನ ವಿಚ್ಛೇದನದ ಪ್ರಕರಣ ಮುಂಬೈಯ ಬಾಂದ್ರಾ-ಕುರ್ಲಾ ಸಂಕೀರ್ಣದ ಕುಟುಂಬ ನ್ಯಾಯಾಲಯದಲ್ಲಿ ದಾಖಲಾದಾಗ, ಮುಲುಂಡಿನ ನಮ್ಮ ಕನ್ನಡಿಗರ ವಲಯದಲ್ಲಿ ಸಿಕ್ಕವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: ಗಂಡನ ಸಂಬಳದ ಕಾಲುಭಾಗ ಹೆಂಡತಿಗೆ ಬಂದೇ ಬರುತ್ತದೆ. 2017ರಲ್ಲಿ ಒಂದು ಪ್ರಕರಣದಲ್ಲಿ ನಿವ್ವಳ ಸಂಬಳದ ಶೇ. 25ರಷ್ಟು ಸೂಕ್ತವೆಂದು ಸುಪ್ರೀಂ ಕೋರ್ಟ್ ಹೇಳಿರುವುದು ನಿಜ. ಆದರೆ ಅದು ಕಾಯ್ದೆಯಲ್ಲಿ ಬರೆದಿಟ್ಟ ದರವಲ್ಲ. ಇಬ್ಬರ ಆದಾಯ, ಆಸ್ತಿ, ಸಾಲ, ಅವಲಂಬಿತರು, ಜೊತೆಯಲ್ಲಿದ್ದಾಗಿನ ಜೀವನಮಟ್ಟ, ದಾಂಪತ್ಯದ ಅವಧಿ ಇವನ್ನೆಲ್ಲ ತೂಗಿ ನ್ಯಾಯಾಧೀಶರು ಮೊತ್ತವನ್ನು ನಿರ್ಧರಿಸುತ್ತಾರೆ. ಹಾಗಾಗಿ ಇವಕ್ಕೆ ಕಾಗದಪತ್ರ ಒದಗಿಸುವ ಕೆಲಸವನ್ನು ವಕೀಲರಿಗೆ ಬಿಡದೆ ನಾನೇ ವಹಿಸಿಕೊಂಡೆ.

ಪ್ರಕರಣ ಮುಗಿಯುವ ತನಕದ ಖರ್ಚಿಗೆ ಹಿಂದೂ ವಿವಾಹ ಕಾಯ್ದೆ, 1955ರ 24ನೇ ಕಲಮಿನ ಅಡಿ ಮಧ್ಯಂತರ ಜೀವನಾಂಶ ಮತ್ತು ವ್ಯಾಜ್ಯದ ವೆಚ್ಚ ಕೇಳಬಹುದು. ಈ ಕಲಮಿನಡಿ ಗಂಡನಿಗೂ ಆ ಹಕ್ಕಿದೆ. ಮೊದಲು ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿಗೆ ಬಂದಿರುವ ಜೀವನಾಂಶದ ದಾರಿ ಬೇರೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರದ್ದು ಇನ್ನೊಂದು. ಒಂದಕ್ಕಿಂತ ಹೆಚ್ಚು ಕಡೆ ಅರ್ಜಿ ಹಾಕಿದರೆ ಹಿಂದಿನ ಆದೇಶವನ್ನು ತಿಳಿಸಲೇಬೇಕು, ಅಲ್ಲಿ ಮಂಜೂರಾದ ಮೊತ್ತವನ್ನು ಇಲ್ಲಿ ಸರಿದೂಗಿಸಲಾಗುತ್ತದೆ. ನಾನು 24ನೇ ಕಲಮನ್ನಷ್ಟೇ ಆರಿಸಿಕೊಂಡೆ.

ನನ್ನ ಅರ್ಜಿಗೆ ಬಲ ಬಂದದ್ದು ಪ್ರಮಾಣಪತ್ರದಿಂದ, ಅಂದರೆ ಅಫಿಡವಿಟ್ಟಿನಿಂದ. 2020ರ ನವೆಂಬರ್ 4ರಂದು ರಜ್ನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಹೊಣೆಗಳ ವಿವರವನ್ನು ಪ್ರಮಾಣ ಮಾಡಿ ಸಲ್ಲಿಸಬೇಕೆಂದೂ, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದೂ ಹೇಳಿತು. ಆ ಪ್ರಮಾಣಪತ್ರದ ನಮೂನೆಯ ಒಂದೊಂದು ಸಾಲಿಗೂ ಒಂದೊಂದು ದಾಖಲೆ ಇರುವಂತೆ ನಾನು ಕಡತ ಕಟ್ಟಿದೆ. ಮಗಳ ಶಾಲೆಯ ಶುಲ್ಕ, ಶಾಲಾ ಬಸ್ಸು, ಅಮ್ಮನ ಮನೆಯ ವಿದ್ಯುತ್ ಬಿಲ್ಲಿನಲ್ಲಿ ನಮ್ಮ ಪಾಲು, ಔಷಧದ ಚೀಟಿ ಎಲ್ಲವನ್ನೂ ತಿಂಗಳವಾರು ಜೋಡಿಸಿದೆ. ಮನೆಪಾಠದಿಂದ ನನಗೆ ಬರುತ್ತಿದ್ದ 9,000 ರೂಪಾಯಿಯನ್ನೂ ಮೊದಲ ಪುಟದಲ್ಲೇ ಬರೆದೆ. ಅದನ್ನು ಮುಚ್ಚಿಡು ಎಂದವರು ಹಲವರು. ಆದರೆ ಹೆಂಡತಿ ಒಂದಿಷ್ಟು ದುಡಿಯುತ್ತಾಳೆ ಎಂಬ ಕಾರಣಕ್ಕೇ ಜೀವನಾಂಶ ತಪ್ಪುವುದಿಲ್ಲ, ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಮಾತ್ರ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಹೋಟೆಲೊಂದರಲ್ಲಿ ಪಾಲುದಾರರಾಗಿದ್ದ ನನ್ನ ಗಂಡ ತಿಂಗಳ ಆದಾಯ 22,000 ರೂಪಾಯಿ ಎಂದು ಬರೆದುಕೊಟ್ಟಿದ್ದರು. ಅವರೇ ಲಗತ್ತಿಸಿದ ಬ್ಯಾಂಕ್ ವಿವರದಲ್ಲಿ ಪ್ರತಿ ತಿಂಗಳ 5ರಂದು ಕಾರಿನ ಸಾಲದ ಕಂತು 18,400 ರೂಪಾಯಿ ಕಡಿತವಾಗುತ್ತಿತ್ತು. ಆ ಸಾಲುಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಕಂತು ಹೋದ ಮೇಲೆ ಉಳಿಯುವ 3,600 ರೂಪಾಯಿಯಲ್ಲಿ ಮನೆ ಬಾಡಿಗೆ ಹೇಗೆ ಕಟ್ಟುತ್ತಾರೆ ಎಂಬ ಒಂದೇ ಪ್ರಶ್ನೆಯನ್ನು ವಕೀಲರಿಗೆ ಬರೆದುಕೊಟ್ಟೆ. ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ ಘೋಷಿತ ಆದಾಯವನ್ನು ಒಪ್ಪದೆ, ಖರ್ಚಿನ ರೀತಿಯಿಂದ ಆದಾಯವನ್ನು ಅಂದಾಜಿಸಿತು.

ಕೊನೆಗೆ ವಿವಾಹ ಸಮಾಲೋಚಕರ ಮುಂದೆ ಮಾತುಕತೆಯಾಗಿ, ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ಬರೂ ಬಂದೆವು. ಆಗ ಎದುರಾದದ್ದು 25ನೇ ಕಲಮಿನ ಶಾಶ್ವತ ಜೀವನಾಂಶದ ಪ್ರಶ್ನೆ. ತಿಂಗಳ ಮೊತ್ತವಾದರೆ ಪರಿಸ್ಥಿತಿ ಬದಲಾದಂತೆ ಹೆಚ್ಚಿಸಲು ಅಥವಾ ಇಳಿಸಲು ಅವಕಾಶವುಂಟು, ಮರುಮದುವೆಯಾದರೆ ರದ್ದಾಗಬಹುದು, ಬಾಂಬೆ ಹೈಕೋರ್ಟಿನ ಹಳೆಯ ತೀರ್ಪಿನ ಪ್ರಕಾರ ಅದು ತೆರಿಗೆಗೆ ಒಳಪಡುವ ಆದಾಯವೂ ಹೌದು. ಇಡುಗಂಟು ಆದಾಯವಲ್ಲದೆ ಬಂಡವಾಳದ ಸ್ವೀಕೃತಿಯಾದ್ದರಿಂದ ಆ ತೆರಿಗೆ ಇಲ್ಲ, ಪ್ರತಿ ತಿಂಗಳು ಹಣಕ್ಕಾಗಿ ಎದುರು ನೋಡುವ ಹಿಂಸೆಯೂ ಇಲ್ಲ. ಹೋಟೆಲಿನ ವ್ಯವಹಾರದಲ್ಲಿ ಏರಿಳಿತ ಹೆಚ್ಚೆಂದು ಬಲ್ಲ ನಾನು ನನ್ನ ಪಾಲಿಗೆ ಇಡುಗಂಟನ್ನೇ ಕೇಳಿದೆ, ಅರ್ಧ ಹಣ ನ್ಯಾಯಾಲಯದಲ್ಲಿ ಇಬ್ಬರೂ ಒಪ್ಪಿಗೆ ತಿಳಿಸುವ ಮೊದಲ ಹೇಳಿಕೆಯ ದಿನ, ಉಳಿದರ್ಧ ಎರಡನೆಯ ಹೇಳಿಕೆಯ ದಿನ ಡಿಮ್ಯಾಂಡ್ ಡ್ರಾಫ್ಟಿನಲ್ಲಿ ಬರಬೇಕೆಂದು ಒಪ್ಪಂದದಲ್ಲಿ ಬರೆಸಿದೆ. ನನ್ನ ಒಡವೆಗಳು ಸ್ತ್ರೀಧನವಾದ್ದರಿಂದ ಅವನ್ನು ಜೀವನಾಂಶದೊಳಗೆ ಸೇರಿಸಲು ಒಪ್ಪದೆ, ತೂಕಸಮೇತ ಬೇರೆ ಪಟ್ಟಿ ಮಾಡಿಸಿದೆ.

ಮಗಳ ಮೊತ್ತವನ್ನು ಮಾತ್ರ ತಿಂಗಳ ಲೆಕ್ಕದಲ್ಲೇ ಉಳಿಸಿಕೊಂಡೆ. ತಾಯಿ ತನ್ನ ಹಕ್ಕನ್ನು ಬಿಟ್ಟುಕೊಟ್ಟರೂ ಮಗುವಿನ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಅವಳಿಗಿಲ್ಲ, ಆದ್ದರಿಂದ 'ಮುಂದೆ ಯಾವ ಬೇಡಿಕೆಯೂ ಇಲ್ಲ' ಎಂಬ ವಾಕ್ಯವನ್ನು ನನಗಷ್ಟೇ ಅನ್ವಯಿಸುವಂತೆ ತಿದ್ದಿಸಿದ ಮೇಲೆಯೇ ಸಹಿ ಹಾಕಿದೆ. ಮುಂದೆ ಶಾಲೆಯ ಶುಲ್ಕ ಏರಿದಾಗ, ಆ ತಿದ್ದುಪಡಿಯ ಆಧಾರದಲ್ಲೇ ರಸೀದಿಗಳನ್ನು ಲಗತ್ತಿಸಿ 26ನೇ ಕಲಮಿನಡಿ ಹೆಚ್ಚಳ ಕೇಳಿದೆ, ನ್ಯಾಯಾಲಯ ಒಪ್ಪಿತು.