ಇಳಕಲ್ ನೇಕಾರರ ಸೈಟಿಗೆ ಹೆಸರಿನ ಬಾಕ್ಸ್ ಮಾಡಿದ್ದು ಹೀಗೆ

ಬಾಗಲಕೋಟೆ ಜಿಲ್ಲೆಯ ಇಳಕಲ್, ಗುಳೇದಗುಡ್ಡದ ನೇಕಾರರು ಸೀರೆ, ಖಣ ನೇರವಾಗಿ ಮಾರಲಿ ಅಂತ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಅದರಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ನೋಂದಣಿ ಪುಟಕ್ಕೆ. ಅಲ್ಲಿ ನಾವು ಏನು ಕೇಳುತ್ತೇವೋ, ಏನನ್ನು ಮೊದಲೇ ತುಂಬಿಡುತ್ತೇವೋ, ಆ ಮನುಷ್ಯ ಜನರ ಕಣ್ಣಿಗೆ ಹಾಗೇ ಕಾಣುತ್ತಾನೆ.

ಗೂಗಲ್ ಲಾಗಿನ್ ತಗೊಳ್ಳಿ. ಬಟನ್ ಒತ್ತಿದರೆ ಹೆಸರು, ಇಮೇಲ್, ಫೋಟೊ ತಾವಾಗಿಯೇ ಬರುತ್ತವೆ. ಆದರೆ ಯಾರ ಹೆಸರು? ನಮ್ಮ ಕಡೆ ಅವ್ವನ ಫೋನಿನಲ್ಲಿ ಎಷ್ಟೋ ಸಲ ಮಗನ ಅಕೌಂಟ್ ಇರುತ್ತದೆ. ಸೆರಗಿಗೆ ಕೊಂಡಿ ಹಾಕಿ ನೇಯುವವಳು ಅವಳು, ಸೈಟಿನಲ್ಲಿ ಮಾತ್ರ ಮಗನ ಹೆಸರು, ಬೈಕ್ ಮೇಲೆ ಕೂತ ಅವನ ಫೋಟೊ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಅದಕ್ಕೆ ಗೂಗಲ್‌ನಿಂದ ಲಾಗಿನ್ ಅಷ್ಟೇ ತಗೊಂಡೆ. ಹೆಸರಿನ ಬಾಕ್ಸ್ ಖಾಲಿ ಬಿಟ್ಟು, ಮೇಲೆ 'ಗಿರಾಕಿಗಳಿಗೆ ನಿಮ್ಮ ಹೆಸರು ಹೇಗೆ ಕಾಣಬೇಕು?' ಅಂತ ಬರೆದೆ.

ಬಾಕ್ಸ್ ಒಂದೇ. ಇಲ್ಲಿ ಹೆಸರು, ಅಪ್ಪನ ಅಥವಾ ಗಂಡನ ಹೆಸರು, ಆಮೇಲೆ ಅಡ್ಡಹೆಸರು ಇರುತ್ತದೆ. ಮೈಸೂರು ಕಡೆಯವರಿಗೆ ಇನಿಷಿಯಲ್. ಅಡ್ಡಹೆಸರು ಕಡ್ಡಾಯ ಮಾಡಿದರೆ ಅನೇಕರ ಜಾತಿಯೂ ಅದರ ಜೊತೆಗೇ ಹೊರಗೆ ಬರುತ್ತದೆ. ತೋರಿಸೋದು, ಬಿಡೋದು ಅವರಿಷ್ಟ ಅಲ್ವಾ? ಆಗ ಫೇಸ್‌ಬುಕ್ ತರಹ ಇದ್ದ ಗೂಗಲ್ ಪ್ಲಸ್ ಕೂಡ 2011ರಲ್ಲಿ ನಿಜವಾದ ಹೆಸರೇ ಬೇಕು ಅಂತ ಹಠ ಹಿಡಿದು, 2014ರಲ್ಲಿ ಆ ನಿಯಮ ಕೈಬಿಟ್ಟಿತು.

ಹೆಸರನ್ನು ಕನ್ನಡದಲ್ಲಿ ಬರೆಯಲು ಬಿಡಬೇಕಂದ್ರೆ ಕೋಡ್‌ನಲ್ಲಿ ಒಂದು ಕಡೆ ಎಚ್ಚರ ಬೇಕು. ಎಷ್ಟೋ ಫಾರಂಗಳು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ಒಪ್ಪುವುದಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ನಂಬರ್ ಕೊಡುವ ಪಟ್ಟಿ ಯುನಿಕೋಡ್. ಅದರ 'ಲೆಟರ್' ಗುಂಪಿಗೆಲ್ಲ ಅವಕಾಶ ಕೊಟ್ಟರೂ ಸಾಲದು. 'ಕಮಲ' ಪಾಸಾಗುತ್ತದೆ, 'ಕಮಲಾ' ಫೇಲ್! ದೀರ್ಘ, ಕೊಂಬು, ಸೊನ್ನೆ, ಒತ್ತಕ್ಷರ ಮೂಡಿಸುವ ಚಿಹ್ನೆ ಎಲ್ಲ 'ಮಾರ್ಕ್' ಅನ್ನೋ ಇನ್ನೊಂದು ಗುಂಪಿನಲ್ಲಿವೆ. ಅದನ್ನೂ ಸೇರಿಸಬೇಕು. ಇನಿಷಿಯಲ್‌ಗಾಗಿ ಚುಕ್ಕೆಯನ್ನೂ ಸೇರಿಸಿದೆ.

ಫೋನ್ ನಂಬರ್ ಓಟಿಪಿಗೆ ಬೇಕು. ಅದನ್ನು ಎಲ್ಲರಿಗೂ ತೋರಿಸುವ ಆಯ್ಕೆ ಮೊದಲಿನಿಂದಲೇ ಆಫ್. ಹೆಣ್ಣುಮಕ್ಕಳು ಹೆಚ್ಚಿರುವ ಸೈಟಿನಲ್ಲಿ ಇದನ್ನು ಆನ್ ಮಾಡಿಡೋದು ತಪ್ಪು. ಹುಟ್ಟಿದ ತಾರೀಕು, ಮದುವೆ ಆಗಿದೆಯಾ, ಇವನ್ನೆಲ್ಲ ಸುಮ್ನೆ ಯಾಕೆ ಕೇಳಬೇಕು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯೂ ಕೆಲಸಕ್ಕೆ ಬೇಕಾದಷ್ಟೇ ಮಾಹಿತಿಗೆ ಒಪ್ಪಿಗೆ ಅನ್ನುತ್ತದೆ.

ಹೆಸರನ್ನು ಯಾವಾಗ ಬೇಕಾದರೂ ಬದಲಿಸಬಹುದು. ಅಕೌಂಟನ್ನು ಸೈಟ್ ಗುರುತಿಸೋದು ಒಳಗಿನ ಒಂದು ನಂಬರಿನಿಂದ. ಹಾಗಾಗಿ ಮದುವೆಯಾಗಿ ಹೆಸರು ಬದಲಾದರೂ ಹಳೆ ಆರ್ಡರ್‌ಗಳು ಅವಳ ಲೆಕ್ಕದಲ್ಲೇ ಇರುತ್ತವೆ, ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಕೂಡ ತೆರೆಯುತ್ತದೆ.