ಹಳೆ ಚರ್ಚೆಯನ್ನು ಮತ್ತೆ ಸಭೆಗೆ ತಂದ ಬಗೆ: ನನ್ನ ಅನುಭವ

ನಮ್ಮ ನೀರು ಬಳಕೆದಾರರ ಸಹಕಾರ ಸಂಘದ ಕಾರ್ಯದರ್ಶಿ ಕೆಲಸ ನಾನು ನೋಡಿಕೊಳ್ಳುತ್ತೇನೆ. ಭದ್ರಾ ಬಲದಂಡೆಯ ಮಲೇಬೆನ್ನೂರು ಶಾಖಾ ನಾಲೆಯ ಕೊನೆ ಭಾಗದಲ್ಲಿ ನಮ್ಮ ಅಚ್ಚುಕಟ್ಟು, ಅಂದರೆ ನಾಲೆ ನೀರು ಹರಿಯುವ ಜಮೀನು. ಸಭೆಯಲ್ಲಿ ಯಾರಾದರೂ ಎದ್ದು, "ಅವತ್ತು ಬಿಟ್ಟ ವಿಷಯ ಮತ್ತೆ ತಗೊಳ್ಳೋಣ" ಅಂದರೆ ಅರ್ಧ ಜನ ಮುಖ ಸಿಂಡರಿಸುತ್ತಾರೆ. "ಮುಗಿದ ಕತೆ ಯಾಕೆ ಕೆದಕ್ತೀರಿ?" ಅನ್ನುತ್ತಾರೆ. ಅವರು ಹಾಗೆ ಅನ್ನುವುದಕ್ಕೂ ಕಾರಣ ಇದೆ. ಹಳೆ ವಿಷಯ ಎತ್ತುವವರಲ್ಲಿ ಹೆಚ್ಚಿನವರು ಹೊಸದೇನೂ ತಂದಿರುವುದಿಲ್ಲ. ಅವತ್ತು ಸೋತ ಮಾತನ್ನು ಇವತ್ತು ಗೆಲ್ಲಿಸಬೇಕು, ಅಷ್ಟೇ. ಆದರೆ ನಿಜವಾಗಿಯೂ ಅರ್ಧಕ್ಕೆ ನಿಂತ ವಿಷಯಗಳೂ ಇರುತ್ತವೆ, ಅವನ್ನು ಯಾರಾದರೂ ಎತ್ತಲೇಬೇಕು. ನಾನು ಅಂಥದ್ದೊಂದನ್ನು 2024ರಲ್ಲಿ ಎತ್ತಿದೆ. ಹೇಗೆ ಎತ್ತಿದೆ ಎಂದು ಬೇರೆ ಸಂಘಗಳವರು ಆಗಾಗ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ನೀರಿನ ಸರದಿಯದು. ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿದರೆ ನೀರಿನ ಮಟ್ಟ 186 ಅಡಿ, ಸಂಗ್ರಹ ಸುಮಾರು 71.5 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಕೇಳಲು ದೊಡ್ಡ ಲೆಕ್ಕ. ಆದರೆ ಬಲದಂಡೆ ನಾಲೆಯ ನೀರು ಚನ್ನಗಿರಿ ಕಡೆಯ ಊರುಗಳನ್ನೆಲ್ಲ ದಾಟಿ ನಮ್ಮ ಹತ್ತಿರ ಬರುವಷ್ಟರಲ್ಲಿ ಗೇಜ್, ಅಂದರೆ ನಾಲೆಯ ನೀರಿನ ಮಟ್ಟ, ಇಳಿದಿರುತ್ತದೆ. ದಾರಿಯುದ್ದಕ್ಕೂ ಪಂಪ್‌ಸೆಟ್‌ಗಳು. ಮೇಲಿನವರು ನಮಗೆ ಬಿಡುವುದಿಲ್ಲ ಎಂದು ನಾವು ಬೈಯುತ್ತೇವೆ. ನಮ್ಮದೇ ಉಪಕಾಲುವೆಗೆ ಬಂದರೆ ಅಲ್ಲೂ ಅದೇ ಕತೆ. ಮೊದಲ ತೂಬಿನ (ಕಾಲುವೆಯಿಂದ ಗದ್ದೆಗಳಿಗೆ ನೀರು ಬಿಡುವ ಕಿಂಡಿ) ಗದ್ದೆಗಳು ತುಂಬಿ ಹಳ್ಳಕ್ಕೆ ಹರಿಯುವಾಗ ಕೊನೆ ತೂಬಿನ ರೈತ ಬದುವಿನ ಮೇಲೆ ಕೂತು ಕಾಯುತ್ತಿರುತ್ತಾನೆ. 2015ರ ಸಭೆಯಲ್ಲಿ ಕೊನೆ ಭಾಗದವರು ಒಂದು ಸಲಹೆ ಇಟ್ಟಿದ್ದರು: ಸರದಿಯನ್ನು ಕೊನೆ ತೂಬಿನಿಂದ ಶುರು ಮಾಡೋಣ, ಆಮೇಲೆ ಮೇಲಕ್ಕೆ ಬರೋಣ. ಅವತ್ತು ದೊಡ್ಡ ಗಲಾಟೆಯಾಯಿತು. ಆಮೇಲೆ ವರ್ಷಗಟ್ಟಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

2023ರಲ್ಲಿ ಬರ ಬಂತು. ನೀರು ಬಿಡುವುದು, ನಿಲ್ಲಿಸುವುದು, ಮತ್ತೆ ಬಿಡುವುದು. ಇದರ ವಿರುದ್ಧ ದಾವಣಗೆರೆಯಲ್ಲಿ ರೈತರು ಬೀದಿಗೆ ಇಳಿದ ವರ್ಷ ಅದು. ನಮ್ಮ ಕೊನೆ ತೂಬಿನ ಹುಡುಗರು ಬಂದು, "ಅಣ್ಣ, ಈಗ್ಲೇ ಆ ಸರದಿ ವಿಷಯ ತೆಗೀರಿ, ಈಗ ಬಿಸಿ ಇದೆ" ಅಂದರು. ನಾನು ಒಪ್ಪಲಿಲ್ಲ. ನಾಲೆ ಒಣಗಿದಾಗ ಸರದಿ ಮಾತಾಡಿದರೆ ಅದು ಚರ್ಚೆಯಾಗುವುದಿಲ್ಲ, ಹೊಡೆದಾಟವಾಗುತ್ತದೆ. ಪ್ರತಿಯೊಬ್ಬನ ಕಣ್ಣ ಮುಂದೆ ಅವನ ಗದ್ದೆಯೇ ಒಣಗುತ್ತಿರುತ್ತದೆ, ಪಕ್ಕದವನ ಕಷ್ಟ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು? 2024ರ ಮಳೆಗೆ ಡ್ಯಾಂ ತುಂಬಿತು. ಆವಾಗ ಎತ್ತಿದೆ. ಹಳೆ ಜಗಳದ ವಿಷಯವನ್ನು ಮತ್ತೆ ತೆಗೆಯುವುದಾದರೆ ಎಲ್ಲರ ಹೊಟ್ಟೆ ತಣ್ಣಗಿರುವ ಕಾಲ ನೋಡಿ ತೆಗೆಯಬೇಕು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೊದಲು ಮಾಡಿದ ಕೆಲಸ ಸಭೆಗಳ ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕ ತೆಗೆದು ಓದಿದ್ದು. ಊರಲ್ಲಿ ಯಾರನ್ನು ಕೇಳಿದರೂ "ಮೇಲಿನೋರು ಆಗಲ್ಲ ಅಂದ್ರು, ಅಲ್ಲಿಗೆ ಬಿತ್ತು" ಅನ್ನುತ್ತಿದ್ದರು. ಪುಸ್ತಕದಲ್ಲಿ ಹಾಗಿರಲಿಲ್ಲ. ಕೊನೆ ಭಾಗದ ಕಾಲುವೆಯಲ್ಲಿ ಹೂಳು, ಗಿಡಗಂಟಿ ತುಂಬಿದೆ, ಈಗ ಅಲ್ಲಿಂದ ಶುರು ಮಾಡಿದರೆ ನೀರು ಮುಟ್ಟುವುದಕ್ಕೇ ದಿನ ಹಿಡಿಯುತ್ತದೆ, ಆದ್ದರಿಂದ ಕಾಲುವೆ ಸ್ವಚ್ಛವಾದ ಮೇಲೆ ಪುನಃ ಚರ್ಚಿಸುವುದು ಎಂದು ಬರೆದಿತ್ತು. ಕೆಳಗೆ ಸಹಿಗಳು. ಅಂದರೆ ಮೇಲಿನವರು ಬೇಡ ಎಂದಿರಲಿಲ್ಲ, ಒಂದು ಷರತ್ತು ಹಾಕಿದ್ದರು. ಇಷ್ಟು ವರ್ಷ ಕೆಳಗಿನವರು ಇಲ್ಲದ ನಿರಾಕರಣೆಯೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಿದ್ದರು. ಹಳೆ ಚರ್ಚೆಗೆ ಕೈ ಹಾಕುವವರು ಜನರ ನೆನಪನ್ನು ನಂಬಿ ಶುರು ಮಾಡಬಾರದು. ಬರೆದದ್ದು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡಬೇಕು.

ಆಮೇಲೆ ಕಾಲುವೆ ನೀರು ಬಿಡುವ ಕೆಲಸದ ನೀರುಗಂಟಿಯ ಜೊತೆ ಕಾಲುವೆ ಮೇಲೆ ನಡೆದು ನೋಡಿದೆ. ಹೂಳು ತೆಗೆದಿತ್ತು, ಜಂಗಲ್ ಕಟಿಂಗ್ ಆಗಿತ್ತು. ಷರತ್ತು ತೀರಿದೆ ಎಂದಾಯಿತು. ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು ಕಂಡಿತು. 2015ರಲ್ಲಿ ಮೇಲಿನ ತೂಬುಗಳಲ್ಲಿ ಭತ್ತವೇ ಜಾಸ್ತಿ ಇತ್ತು. ಈಗ ಅಲ್ಲಿ ಅರ್ಧಕ್ಕರ್ಧ ಅಡಿಕೆ. ಭತ್ತಕ್ಕೆ ನಾಟಿಯಿಂದ ಕಾಳು ಕಟ್ಟುವ ತನಕ ಗದ್ದೆಯಲ್ಲಿ ನೀರು ಬೇಕು. ಅಡಿಕೆ ತೋಟಕ್ಕೆ ನಡುವೆ ಬಿಡುವು ಕೊಟ್ಟರೆ ನಡೆಯುತ್ತದೆ, ಡ್ರಿಪ್ ಹಾಕಿದವರಿಗೆ ಬೋರ್ ನೀರೂ ಇದೆ. ಅವತ್ತು "ನಾವು ಕಾಯಕ್ಕಾಗಲ್ಲ" ಎಂದ ಕೆಲವರು ಇವತ್ತು ನಾಲ್ಕು ದಿನ ಕಾಯಬಲ್ಲವರಾಗಿದ್ದರು. ಇನ್ನೂ ಸೋನಾ, ಆರ್‌ಎನ್‌ಆರ್ ತಳಿಯ ಭತ್ತ ಬೆಳೆಯುವವರಿಗೆ ಮಾತ್ರ ಕಷ್ಟ ಹಾಗೇ ಇತ್ತು. ಇದು ನನ್ನ ಕೈಯಲ್ಲಿದ್ದ ಹೊಸ ಮಾತು. ಇದು ಸಿಗದೇ ಹೋಗಿದ್ದರೆ ನಾನು ಈ ವಿಷಯವನ್ನು ಎತ್ತುತ್ತಿರಲಿಲ್ಲ. "ನಂದೂ ಅದೇ ಅಭಿಪ್ರಾಯ" ಎಂದು ಹೇಳುವುದಕ್ಕೆ ಅಷ್ಟು ಜನರನ್ನು ಮತ್ತೆ ಕೂರಿಸುವುದು ಅವರ ಹೊತ್ತಿಗೆ ಮಾಡುವ ಅನ್ಯಾಯ.

ಮುಂದಿನದು ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ. ಅವತ್ತು ಮಾತಾಡಿದವರ ಮನೆಗೆ ಹೋಗುವುದು. ನೋಟಿಸ್ ಕಳಿಸಿ ಸುಮ್ನೆ ಕೂರಬಹುದಿತ್ತು, ನಿಯಮಕ್ಕೆ ಅಷ್ಟು ಸಾಕು. ಆದರೆ ಒಬ್ಬರ ಹಳೆ ಮಾತನ್ನು ತುಂಬಿದ ಸಭೆಯಲ್ಲಿ ದಿಢೀರನೆ ಓದಿದರೆ ಅವರು ಅದನ್ನು ಕಾಯ್ದುಕೊಳ್ಳುವುದಕ್ಕೆ ನಿಲ್ಲುತ್ತಾರೆ. ಮನಸ್ಸು ಬದಲಾಗಿದ್ದರೂ ಬದಲಾಗಿದೆ ಎಂದು ಒಪ್ಪಿಕೊಳ್ಳಲು ದಾರಿ ಇರುವುದಿಲ್ಲ. ಮೊದಲೇ ಜಗಲಿಯಲ್ಲಿ ಕೂತು ಕೇಳಿದರೆ ಆ ದಾರಿ ಇರುತ್ತದೆ. ಮೊದಲ ತೂಬಿನ ಹಿರಿಯರೊಬ್ಬರು ಅವತ್ತು ಬಹಳ ಜೋರಾಗಿ ವಿರೋಧಿಸಿದ್ದರು. ನಾನು ಹೋಗಿ, "ಯಜಮಾನ್ರೆ, ಆ ಸರದಿ ವಿಷಯ ಈ ಸಲ ಸಭೆಗೆ ಇಡಬೇಕು ಅಂತಿದೀನಿ. ನಿಮ್ಮನ್ನ ಕೇಳ್ದೆ ಇಡಬಾರದು ಅಂತ ಬಂದೆ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಡಪ್ಪ. ಆದ್ರೆ ನಾನು ಅವತ್ತು ಅಂದಿದ್ದನ್ನ ಓದಬ್ಯಾಡ" ಅಂದರು. ಓದುವುದಿಲ್ಲ ಎಂದು ಮಾತು ಕೊಟ್ಟೆ.

ಇನ್ನೊಬ್ಬರು ತೀರಿಹೋಗಿದ್ದರು. ಮಗ ಈಗ ಸದಸ್ಯ. ಆ ಮನೆಗೂ ಹೋದೆ. ತೀರಿಕೊಂಡವರ ಮಾತು ತೆಗೆಯುವಾಗ ಇನ್ನೂ ಹುಷಾರಾಗಿರಬೇಕು, ಯಾಕೆಂದರೆ ಅವರು ಎದ್ದು "ನಾನು ಹಾಗೆ ಹೇಳಲಿಲ್ಲ" ಎನ್ನಲಾರರು. ಅಪ್ಪ ಸಿಟ್ಟಲ್ಲಿ ಆಡಿದ ಮಾತನ್ನು ಮಗನ ಮುಂದೆ ಸಭೆಯಲ್ಲಿ ಎತ್ತುವುದು ಸಭ್ಯತೆಯಲ್ಲ. ಅವರು ಕೊಟ್ಟ ಒಳ್ಳೆ ಸಲಹೆ ಇದ್ದರೆ ಹೆಸರು ಹೇಳಿ ನೆನೆಯಬೇಕು. ಆ ಹಿರಿಯರು ಅವತ್ತು ಒಂದು ಒಳ್ಳೆ ಮಾತು ಹೇಳಿದ್ದರು: ಸರದಿ ಹೇಗೇ ಇರಲಿ, ರಾತ್ರಿ ನೀರನ್ನು ಹಳ್ಳಕ್ಕೆ ಬಿಡದಂತೆ ತೂಬಿಗೊಬ್ಬರು ಕಾವಲಿರಬೇಕು. ಅದನ್ನು ಸಭೆಯಲ್ಲಿ ಹೇಳಬಹುದಾ ಎಂದು ಮಗನನ್ನು ಕೇಳಿದೆ. "ಹೇಳ್ರಿ, ಅಪ್ಪಾಜಿ ಮನೇಲೂ ಅದನ್ನೇ ಅಂತಿದ್ರು" ಅಂದ.

ನೋಟಿಸ್ ವಿಷಯದಲ್ಲಿ ನನ್ನದು ಒಂದೇ ಹಟ. ನಮ್ಮ ಸಭೆಯ ನೋಟಿಸ್‌ಗಳ ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಎಂಬ ಸಾಲು ಇರುತ್ತದೆ ಅಲ್ವಾ? ಹಳೆ ಜಗಳಗಳನ್ನು ಅಲ್ಲಿಂದಲೇ ನುಗ್ಗಿಸುತ್ತಾರೆ. ಅರ್ಧ ಜನ ಊಟಕ್ಕೆ ಎದ್ದಿರುತ್ತಾರೆ, ಉಳಿದವರು ಕೈ ಎತ್ತುತ್ತಾರೆ. ಅಂಥ ತೀರ್ಮಾನ ಒಂದು ಹಂಗಾಮೂ ಬಾಳುವುದಿಲ್ಲ. ನಾನು ಇದನ್ನು ಬೇರೆ ವಿಷಯವಾಗಿ, ಹಳೆ ಸಭೆಯ ದಿನಾಂಕ, ಠರಾವಿನ ನಂಬರ್ ಹಾಕಿಯೇ ಅಚ್ಚು ಮಾಡಿಸಿದೆ. ಜೊತೆಗೆ "ಅಂದಿನಿಂದ ಆಗಿರುವ ಬದಲಾವಣೆಗಳು" ಎಂದು ಕಾಲುವೆಯ ಸ್ಥಿತಿ, ಬೆಳೆಯ ಬದಲಾವಣೆ ಎರಡನ್ನೂ ಬರೆದೆ. ಓದಿದವರಿಗೆ ಇದು ಹಳೆ ವಿಷಯ ಎಂಬುದೂ ಗೊತ್ತಾಗಬೇಕು, ಈಗ ಯಾಕೆ ಬಂದಿದೆ ಎಂಬುದೂ ಗೊತ್ತಾಗಬೇಕು.

ಈ ಸುದ್ದಿ ಹರಡಿದ ಮೇಲೆ ಒಬ್ಬರು ಬಂದು, ಕಾಲುವೆಗೆ ಪಂಪ್ ಇಟ್ಟ ಹಳೆ ದೂರೊಂದನ್ನೂ ಸೇರಿಸಿ ಅಂದರು. ಆ ಎರಡು ಮನೆಯವರು ಆಗಲೇ ರಾಜಿಯಾಗಿ, ಮಕ್ಕಳ ಮದುವೆಗೆ ಒಬ್ಬರ ಮನೆಗೊಬ್ಬರು ಹೋಗಿ ಬಂದಿದ್ದರು. ಸೇರಿಸಲಿಲ್ಲ. ತೀರ್ಮಾನವಾಗಿ, ಅದರಂತೆ ಜನ ಬದುಕುತ್ತಿದ್ದರೆ ಅದಕ್ಕೆ ಕೈ ಹಾಕಬಾರದು. ಇನ್ನೊಬ್ಬರು ತೋಟಗಳಿಗೆ ಬೇರೆ ಸರದಿ ಬೇಕು ಎಂದರು. ಅದು ಹೊಸ ವಿಷಯ, ಹಳೆಯದರ ಬಾಲಕ್ಕೆ ಕಟ್ಟಿದರೆ ಎರಡೂ ಕೆಡುತ್ತವೆ ಎಂದು ಅವರಿಂದ ಬೇರೆ ಅರ್ಜಿ ಬರೆಸಿಕೊಂಡೆ.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರ ಒಳಗೆ ಆಗಬೇಕು. ನಮ್ಮದೂ ಅದರೊಳಗೆ ಆಯಿತು. ನಾನು ಹಳೆ ಠರಾವನ್ನು ಮಾತ್ರ ಓದಿದೆ, ಯಾರು ಏನಂದರು ಎಂಬುದನ್ನು ಓದಲಿಲ್ಲ. ಕೆಳಭಾಗದ ಒಬ್ಬ ಹುಡುಗ ಎದ್ದು "ಅವತ್ತು ನಮ್ಮಪ್ಪನ ಮೈಕ್ ಕಿತ್ಕೊಂಡಿದ್ರು" ಎಂದು ಶುರು ಮಾಡಿದ. ಅಧ್ಯಕ್ಷರು ಗದರಲಿಲ್ಲ. "ಆ ನೋವು ನಿಜ ತಮ್ಮ. ಇವತ್ತು ಮೈಕ್ ನಿನ್ ಕೈಲಿದೆ, ನೀರಿನ ಬಗ್ಗೆ ಹೇಳು" ಅಂದರು. ಅವನು ಹೇಳಿದ, ಚೆನ್ನಾಗಿಯೇ ಹೇಳಿದ. ಹಳೆ ನೋವನ್ನು ಅಲ್ಲಗಳೆದಿದ್ದರೆ ಸಭೆ ಅಲ್ಲಿಗೇ ಮುರಿಯುತ್ತಿತ್ತು. ಮಂಡಕ್ಕಿ ಮಿರ್ಚಿ ಬರುವಷ್ಟರಲ್ಲಿ ಒಂದು ರಾಜಿ ಸಿಕ್ಕಿತು: ಮುಂದಿನ ಬೇಸಿಗೆ ಬೆಳೆಗೆ ಮಾತ್ರ ಕೊನೆ ತೂಬಿನಿಂದ ಸರದಿ, ನಾಟಿ ಮಾಡುವ ವಾರಗಳಲ್ಲಿ ಮೇಲಿನ ಭತ್ತದವರಿಗೆ ವಿನಾಯಿತಿ, ರಾತ್ರಿ ತೂಬಿಗೊಬ್ಬ ಕಾವಲು. ಮೊದಲ ತೂಬಿನ ಆ ಯಜಮಾನರು ಪರವಾಗಿ ಕೈ ಎತ್ತಲಿಲ್ಲ. ವಿರೋಧವಾಗಿಯೂ ಎತ್ತಲಿಲ್ಲ. ಅದೇ ದೊಡ್ಡದು ಎಂದು ನಾನು ಭಾವಿಸುತ್ತೇನೆ.

2025ರ ಜನವರಿಯಲ್ಲಿ ನಾಲೆಗೆ ನೀರು ಬಿಟ್ಟರು. ಕೊನೆ ತೂಬಿಗೆ ನೀರು ಮುಟ್ಟಿತು. ನಡುವಿನ ಒಂದು ತೂಬಿನಲ್ಲಿ ರಾತ್ರಿ ಕಾವಲಿಗೆ ಯಾರೂ ಬರದೆ ತಕರಾರಾಯಿತು, ಅದು ಇನ್ನೂ ಪೂರ್ತಿ ಸರಿಹೋಗಿಲ್ಲ. ಹಂಗಾಮು ಮುಗಿದ ಮೇಲೆ ಏನಾಯಿತು ಎಂಬುದನ್ನು, ತಕರಾರನ್ನೂ ಸೇರಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಹಳೆ ಠರಾವಿನ ಪುಟದ ನಂಬರನ್ನೂ ನಮೂದಿಸಿದೆ. ಮುಂದೆ ಈ ವಿಷಯ ಹುಡುಕಿಕೊಂಡು ಬರುವವನಿಗೆ ಪ್ರಶ್ನೆ ಮಾತ್ರ ಸಿಕ್ಕಿ ಉತ್ತರ ಸಿಗದಂತೆ ಆಗಬಾರದು. ಅರ್ಧಕ್ಕೆ ನಿಂತ ವಿಷಯಗಳಿಗೆಂದು ಬೇರೆ ನೋಟ್‌ಬುಕ್ಕೂ ಇಟ್ಟಿದ್ದೇನೆ: ವಿಷಯ, ಸಭೆಯ ದಿನಾಂಕ, ಯಾವ ಕಾರಣಕ್ಕೆ ನಿಂತಿತು, ಏನಾದರೆ ಮತ್ತೆ ಎತ್ತಬಹುದು.

ಮೊನ್ನೆ ಮೊದಲ ತೂಬಿನ ಯಜಮಾನರೇ ಆಫೀಸಿಗೆ ಬಂದು ಆ ನೋಟ್‌ಬುಕ್ ಕೇಳಿದರು. ತಮ್ಮ ಕಡೆ ಕಾಲುವೆಯ ದಂಡೆ ಕುಸಿದದ್ದರ ಬಗ್ಗೆ ಹಿಂದೆ ಕೊಟ್ಟ ಅರ್ಜಿ ಏನಾಯಿತು ಎಂದು ನೋಡಬೇಕಿತ್ತಂತೆ. ಅನುದಾನ ಇಲ್ಲ ಎಂದು ನಿಂತಿತ್ತು. ಈಗ ಅಲ್ಲಿಂದ ನೀರು ಸೋರಿ ಕೆಳಗಿನವರಿಗೂ ನಷ್ಟವಾಗುತ್ತಿದೆ, ಅಷ್ಟು ಹೊಸ ಕಾರಣ ಸಾಕಾ ಎಂದು ಕೇಳಿದರು. ಸಾಕು ಎಂದೆ. ಕೊನೆ ತೂಬಿನವರ ಹತ್ತಿರ ತಾವೇ ಹೋಗಿ ಮಾತಾಡಿ ಬರುತ್ತೇನೆ ಎಂದು ಹೋಗಿದ್ದಾರೆ.